ಒಂದೇ ಬೈಕಿನಲ್ಲಿ ಇಬ್ಬರಿದ್ದರು, ದೇವರು ಒಬ್ಬನನ್ನು ಮಾತ್ರ ಕಾಪಾಡಿದನೇ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾವು ದಾವಣಗೆರೆಯವರು. ನಮ್ಮ ಬೀದಿಯ ಕೆಲವು ಮನೆಯವರು ಸೇರಿ ಪ್ರತಿ ಗುರುವಾರ ಸಂಜೆ ಮನೆ ಪ್ರಾರ್ಥನೆ ಮಾಡುತ್ತೇವೆ. ನನ್ನ ತಮ್ಮ ಮತ್ತು ಪಕ್ಕದ ಮನೆ ಹುಡುಗ ಹರಿಹರದಲ್ಲಿ ಒಂದೇ ಕಡೆ ಕೆಲಸಕ್ಕಿದ್ದರು. ಒಂದೇ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಇಬ್ಬರ ಹೆಸರನ್ನೂ ಹೇಳಿ, ದೇವದೂತರು ಕಾಯುತ್ತಾರೆ ಅನ್ನುವ ಬೈಬಲಿನ 91ನೇ ಕೀರ್ತನೆ ಓದಿ ಪ್ರಾರ್ಥಿಸುತ್ತಿದ್ದೆವು. ಬೈಕಿನ ಟ್ಯಾಂಕಿನ ಮೇಲೆ ‘ಕೀರ್ತನೆ 91’ ಅಂತ ಸ್ಟಿಕ್ಕರ್ ಅಂಟಿಸಿದ್ದು ನಾನೇ. ನಾಲ್ಕು ತಿಂಗಳ ಹಿಂದೆ ರಾತ್ರಿ ಬರುವಾಗ ಲಾರಿ ತಗುಲಿತು. ತಮ್ಮ ಅಲ್ಲೇ ಹೋಗಿಬಿಟ್ಟ. ಆ ಹುಡುಗನ ಕಾಲು ಮುರಿದಿತ್ತು, ಈಗ ಓಡಾಡುತ್ತಾನೆ. ಕಳೆದ ತಿಂಗಳು ಅವನ ತಾಯಿ ಕೂಟದಲ್ಲಿ ಎದ್ದು ಸಾಕ್ಷಿ ಹೇಳಿದರು. ದೇವರು ದೂತರನ್ನು ಕಳುಹಿಸಿ ನನ್ನ ಮಗನನ್ನು ಎತ್ತಿ ಹಿಡಿದ ಅಂದರು. ಎಲ್ಲರೂ ಹಲ್ಲೆಲೂಯ ಅಂದರು. ನಾನು ಅಲ್ಲೇ ಕೂತಿದ್ದೆ. ನನ್ನ ತಮ್ಮನಿಗೆ ದೂತರು ಬರಲಿಲ್ಲವಾ? ನಿಮ್ಮ ನಂಬಿಕೆ ಗಟ್ಟಿ ಇರಲಿಲ್ಲ, ಎಲ್ಲೋ ಗುಪ್ತ ಪಾಪ ಇರಬೇಕು ಅಂತ ಒಬ್ಬರು ಹೇಳಿದರು. ಈಗಲೂ ಕೂಟಕ್ಕೆ ಹೋಗುತ್ತೇನೆ. ಆದರೆ ಆಮೆನ್ ಅನ್ನಲು ಬಾಯಿ ಬರುವುದಿಲ್ಲ. ಮುಂದಿನ ತಿಂಗಳು ಕೂಟ ನಮ್ಮ ಮನೆಯಲ್ಲಿ. ಬೇಡ ಅಂದುಬಿಡಲಾ? ದೇವರು ಕಾಪಾಡುತ್ತಾನೆ ಅಂತ ಇನ್ನು ಹೇಗೆ ನಂಬಲಿ?

ಉತ್ತರ: ಸಹೋದರಿ, ಮೊದಲು ಆ ಗುಪ್ತ ಪಾಪದ ಮಾತನ್ನು ನಿಮ್ಮ ಮನೆಯಿಂದ ಹೊರಗೆ ಹಾಕೋಣ. ಅದು ಅಲ್ಲಿ ಇರಬಾರದು.

ಯೆರೂಸಲೇಮಿನಲ್ಲಿ ಸಿಲೋವದ ಹತ್ತಿರ ಒಂದು ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಜಾಸ್ತಿ ಪಾಪಿಗಳಾಗಿದ್ದರೇ ಅಂತ ಯೇಸುವೇ ಕೇಳಿ, ಇಲ್ಲ ಅಂತ ಯೇಸುವೇ ಹೇಳಿದನು. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಹುಟ್ಟು ಕುರುಡನನ್ನು ನೋಡಿ, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಅಂತ ಶಿಷ್ಯರು ಕೇಳಿದಾಗಲೂ ಯಾರೂ ಅಲ್ಲ ಅಂದನು. ಎರಡು ಸಲ ಕರ್ತನೇ ಬಾಗಿಲು ಹಾಕಿದ ಮಾತು ಅದು. ಸತ್ತವರ ಮನೆಗೆ ಬಂದು ಆ ಬಾಗಿಲನ್ನು ಮತ್ತೆ ತೆರೆಯುವ ಹಕ್ಕು ಯಾರಿಗೂ ಇಲ್ಲ. ಮುಂದೆ ಯಾರಾದರೂ ಹಾಗೆ ಅಂದರೆ, ಲೂಕ 13 ಓದಿಕೊಂಡು ಬನ್ನಿ ಅಂತ ಹೇಳಿ. ಕೋಪ ಮಾಡಿಕೊಳ್ಳದೆ ಹೇಳಿದರೆ ಸಾಕು, ವಾದ ಬೇಡ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಇಬ್ಬರಿಗಾಗಿ ಒಂದೇ ಪ್ರಾರ್ಥನೆ, ಒಂದೇ ಕೂಟ, ಒಂದೇ ಬೈಕು. ಒಬ್ಬ ಉಳಿದ, ಒಬ್ಬ ಹೋದ. ನಿಮಗೆ ಮಾತ್ರ ಬಂದ ಪ್ರಶ್ನೆ ಅಂತ ಅಂದುಕೊಳ್ಳಬೇಡಿ. ಕ್ರೈಸ್ತ ಸಭೆ ಹುಟ್ಟಿ ಹೆಚ್ಚು ವರ್ಷ ಆಗುವ ಮೊದಲೇ ಅದರ ಎದುರಿಗೆ ಬಂದು ನಿಂತ ಪ್ರಶ್ನೆ ಇದು.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ತೆಗೆಯಿರಿ. ರಾಜ ಹೆರೋದ ಅಗ್ರಿಪ್ಪ ಸಭೆಯವರನ್ನು ಹಿಂಸಿಸಲು ಶುರು ಮಾಡುತ್ತಾನೆ. ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದಕ್ಕೆ ಒಂದೇ ಒಂದು ವಚನ. ಜನರಿಗೆ ಅದು ಮೆಚ್ಚಿಗೆಯಾಯಿತು ಅಂತ ಕಂಡು ಪೇತ್ರನನ್ನೂ ಹಿಡಿಸುತ್ತಾನೆ. ಈ ಪೇತ್ರ, ಯಾಕೋಬ ಇಬ್ಬರೂ ಮೊದಲಿನಿಂದ ಜೊತೆಯವರು. ಗಲಿಲಾಯದಲ್ಲಿ ಮೀನು ಹಿಡಿಯುವ ಕಸುಬಿನಲ್ಲಿ ಪಾಲುಗಾರರು. ಒಂದೇ ದಿನ ದೋಣಿ ಬಿಟ್ಟು ಯೇಸುವಿನ ಹಿಂದೆ ಬಂದವರು. ನಿಮ್ಮ ತಮ್ಮ ಮತ್ತು ಪಕ್ಕದ ಮನೆ ಹುಡುಗನ ಹಾಗೆ, ಒಂದೇ ಕೆಲಸ, ಒಂದೇ ದಾರಿ.

ಪೇತ್ರನನ್ನು ಕಾಯಲು ನಾಲ್ಕು ನಾಲ್ಕು ಜನರ ನಾಲ್ಕು ತಂಡ, ಒಟ್ಟು 16 ಸಿಪಾಯಿಗಳು. ವಿಚಾರಣೆಯ ಹಿಂದಿನ ರಾತ್ರಿ ಅವನು ಇಬ್ಬರು ಸಿಪಾಯಿಗಳ ಮಧ್ಯೆ, ಎರಡು ಸರಪಣಿ ಹಾಕಿಸಿಕೊಂಡು ನಿದ್ದೆ ಮಾಡುತ್ತಿದ್ದಾನೆ. ದೇವದೂತ ಬರುತ್ತಾನೆ, ಪಕ್ಕೆ ತಟ್ಟಿ ಎಬ್ಬಿಸುತ್ತಾನೆ, ಸರಪಣಿ ಕಳಚಿ ಬೀಳುತ್ತವೆ, ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯುತ್ತದೆ. ಪೇತ್ರ ನೇರವಾಗಿ ಮಾರ್ಕನ ತಾಯಿ ಮರಿಯಳ ಮನೆಗೆ ಹೋಗುತ್ತಾನೆ. ಅಲ್ಲಿ ತುಂಬಾ ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದಾರೆ. ಅದೂ ಮನೆ ಪ್ರಾರ್ಥನೆಯೇ. ಬಾಗಿಲು ತಟ್ಟಿದ ಶಬ್ದಕ್ಕೆ ರೋದೆ ಎಂಬ ಕೆಲಸದ ಹುಡುಗಿ ಬರುತ್ತಾಳೆ. ಪೇತ್ರನ ಧ್ವನಿ ಗುರುತು ಹಿಡಿದು, ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿ ಹೇಳುತ್ತಾಳೆ. ಒಳಗಿದ್ದವರು ಏನಂದರು ಗೊತ್ತಾ? ನಿನಗೆ ಹುಚ್ಚು ಅಂದರು.

ಇದನ್ನು ನಿಧಾನವಾಗಿ ನೋಡಿ. ಪೇತ್ರ ಬಿಡುಗಡೆಯಾಗಲಿ ಅಂತ ಬೇಡುತ್ತಿದ್ದವರೇ ಅವನು ಬಂದು ಬಾಗಿಲಲ್ಲಿ ನಿಂತಾಗ ನಂಬಲಿಲ್ಲ. ಹಾಗಾದರೆ ಅವನು ಹೊರಗೆ ಬಂದದ್ದು ಅವರ ನಂಬಿಕೆ ಗಟ್ಟಿ ಇದ್ದದ್ದಕ್ಕಾ? ಅಲ್ಲವೇ ಅಲ್ಲ. ಯಾಕೋಬ ಸತ್ತದ್ದು ಅವರ ನಂಬಿಕೆ ಕಡಿಮೆ ಇದ್ದದ್ದಕ್ಕಾ? ಈ ಪುಸ್ತಕವನ್ನೂ ಬರೆದ ಲೂಕ ಹಾಗೆ ಒಂದಕ್ಷರ ಬರೆದಿಲ್ಲ. ಯಾಕೋಬನಿಗಾಗಿ ಸಭೆ ಪ್ರಾರ್ಥನೆ ಮಾಡಲಿಲ್ಲ ಅಂತಲೂ ಬರೆದಿಲ್ಲ. ಯಾಕೆ ಒಬ್ಬನಿಗೆ ಕತ್ತಿ, ಇನ್ನೊಬ್ಬನಿಗೆ ದೂತ? ಕಾರಣ ಕೊಡದೆ ಕಥೆ ಮುಂದೆ ಹೋಗುತ್ತದೆ. ಅಷ್ಟು ಜಾಗರೂಕತೆಯಿಂದ ಬರೆಯುವ ಲೂಕನೇ ಕಾರಣ ಹೇಳಲು ಮುಂದಾಗಿಲ್ಲ. ನಮ್ಮ ಗುರುವಾರದ ಕೂಟದಲ್ಲಿ ಯಾರಾದರೂ ಕಾರಣ ಹೇಳಿದರೆ ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಆ ರಾತ್ರಿ ಯಾಕೋಬನ ಮನೆಯವರು ಎಲ್ಲಿದ್ದರು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಅವನಿಗೆ ತಮ್ಮ ಇದ್ದ. ಮಕ್ಕಳಿಬ್ಬರನ್ನು ನಿನ್ನ ಎಡಬಲಕ್ಕೆ ಕೂರಿಸಿಕೋ ಅಂತ ಯೇಸುವಿನ ಹತ್ತಿರ ಕೇಳಿಕೊಂಡ ತಾಯಿ ಇದ್ದಳು. ಪೇತ್ರ ಬಂದ ಅಂತ ಎಲ್ಲರೂ ಸಂಭ್ರಮಿಸುವಾಗ ಅವರಿಗೆ ಹೇಗಾಗಿರಬೇಕು? ನೀವು ಆ ಜಾಗದಲ್ಲಿ ಕೂತಿದ್ದಿರಿ, ಅದಕ್ಕೇ ಈ ಅಧ್ಯಾಯ ನಮ್ಮೆಲ್ಲರಿಗಿಂತ ಚೆನ್ನಾಗಿ ನಿಮಗೆ ಅರ್ಥವಾಗುತ್ತದೆ.

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನೂ ಇದರ ಪಕ್ಕದಲ್ಲಿ ಇಟ್ಟುಕೊಳ್ಳಿ. ನಂಬಿಕೆಯವರ ಪಟ್ಟಿ ಅದು. ಸಾಮಾನ್ಯವಾಗಿ ಅರ್ಧ ಓದಿ ನಿಲ್ಲಿಸುತ್ತಾರೆ. 34ನೇ ವಚನದಲ್ಲಿ ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರಿದ್ದಾರೆ. 37ನೇ ವಚನದಲ್ಲಿ ಕತ್ತಿಯಿಂದ ಸತ್ತವರಿದ್ದಾರೆ. ನಡುವೆ ಎರಡೇ ವಚನ. ಇವರು ನಂಬಿದವರು, ಅವರು ನಂಬದವರು ಅಂತ ಗೆರೆ ಎಳೆದಿಲ್ಲ. ಎಲ್ಲರೂ ನಂಬಿಕೆಯಿಂದಲೇ ಸಾಕ್ಷಿ ಹೊಂದಿದವರು ಅಂತ ಬರೆದಿದೆ. ನಿಮ್ಮ ತಮ್ಮನ ನಂಬಿಕೆಯನ್ನು ಅವನ ಸಾವಿನಿಂದ ಅಳೆಯುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ.

ಈಗ ಆ ಸ್ಟಿಕ್ಕರ್ ವಿಷಯ. ನೀವು ಅದನ್ನು ಬರೆದ ರೀತಿಯಲ್ಲೇ ಗೊತ್ತಾಗುತ್ತದೆ, ಅದು ಒಳಗೆ ಚುಚ್ಚುತ್ತಿದೆ. ತಮ್ಮನ ಮೇಲಿನ ಪ್ರೀತಿಗೆ ಅಂಟಿಸಿದಿರಿ. ಅದು ಪ್ರಾರ್ಥನೆಯೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ 91ನೇ ಕೀರ್ತನೆಯನ್ನು ಗ್ಯಾರಂಟಿ ಕಾರ್ಡಿನ ಹಾಗೆ ಓದಲು ನಮ್ಮ ಸಭೆಗಳಲ್ಲಿ ಕಲಿಸಿದ್ದಾರೆ. ಆ ಕಲಿಕೆ ಸರಿಯಿಲ್ಲ. ಅದರ ಭಾರ ಈಗ ನಿಮ್ಮಂಥವರ ಮೇಲೆ ಬೀಳುತ್ತಿದೆ.

ಇದೇ ಕೀರ್ತನೆಯನ್ನು ಸುವಾರ್ತೆಯಲ್ಲಿ ಬಾಯಿಪಾಠ ಹೇಳುವುದು ಯಾರು? ಸೈತಾನ. ದೇವಾಲಯದ ಶಿಖರದ ಮೇಲೆ ಯೇಸುವನ್ನು ನಿಲ್ಲಿಸಿ, ಧುಮುಕು, ನಿನ್ನ ಕಾಲು ಕಲ್ಲಿಗೆ ತಗುಲದಂತೆ ದೂತರು ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಅನ್ನುತ್ತಾನೆ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದನು. ಕೀರ್ತನೆ ಸುಳ್ಳು ಅಂತಲ್ಲ. ಅದನ್ನು ಹಿಡಿದು ದೇವರ ಕೈ ತಿರುಚಬಾರದು ಅಂತ. ಮುಂದೆ ಶಿಲುಬೆಯ ಹತ್ತಿರವೂ ಹಾಗೇ ಆಯಿತು. ದೇವರಲ್ಲಿ ಭರವಸೆ ಇಟ್ಟಿದ್ದಾನಲ್ಲ, ದೇವರು ಬಿಡಿಸಲಿ ನೋಡೋಣ ಅಂತ ಹಂಗಿಸಿದರು. ಅಂದು ದೂತರು ಬಂದು ಇಳಿಸಲಿಲ್ಲ. ದೂತರು ಬರದೇ ಇದ್ದದ್ದು ದೇವರು ಕೈಬಿಟ್ಟ ಗುರುತಾಗಿದ್ದರೆ, ಮೊದಲು ಯೇಸುವಿನ ಬಗ್ಗೆಯೇ ಹಾಗೆ ಹೇಳಬೇಕಾಗುತ್ತದೆ.

ಅದೇ ಕೀರ್ತನೆಯ 15ನೇ ವಚನ ಓದಿ. ಇಕ್ಕಟ್ಟಿನಲ್ಲಿ ಅವನ ಜೊತೆ ಇರುತ್ತೇನೆ ಅಂತ ದೇವರು ಹೇಳುತ್ತಾನೆ. ಇಕ್ಕಟ್ಟು ಬರುವುದೇ ಇಲ್ಲ ಅಂತ ಅಲ್ಲಿ ಇಲ್ಲ.

ಕೀರ್ತನೆಗಳಲ್ಲಿ ದೇವರನ್ನು ಕೋಟೆ, ದುರ್ಗ, ಬಂಡೆ ಅಂತ ಮತ್ತೆ ಮತ್ತೆ ಕರೆಯುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಚಿತ್ರದುರ್ಗದ ಕೋಟೆ ಹತ್ತಿ ನೋಡಿದವರೇ ಎಲ್ಲರೂ. ಏಳು ಸುತ್ತು ಗೋಡೆ. ಒಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಎಣ್ಣೆ ಕೊಳ, ಕಾಳು ತುಂಬಿಡಲು ಕಣಜ. ಇಷ್ಟೆಲ್ಲ ಯಾರು ಮಾಡಿಕೊಳ್ಳುತ್ತಾರೆ? ಮುತ್ತಿಗೆ ಬಂದೇ ಬರುತ್ತದೆ ಅಂತ ಗೊತ್ತಿದ್ದವರು. ಕೋಟೆಯ ಒಳಗಿದ್ದವರಿಗೆ ಯುದ್ಧ ತಪ್ಪಿದ್ದಲ್ಲ. ಯುದ್ಧ ನಡೆಯುವಾಗ ನೀರು, ಕಾಳು, ಜೊತೆಗೆ ಜನ ಇತ್ತು, ಅದೇ ಅವರಿಗಿದ್ದ ಕಾವಲು. ದೇವರು ನಮ್ಮ ಕೋಟೆ ಅನ್ನುವಾಗ ದಾವೀದನೂ ಬೆನ್ನ ಹಿಂದೆ ಶತ್ರುಗಳನ್ನು ಇಟ್ಟುಕೊಂಡೇ ಹೇಳಿದ್ದು. ಆದರೆ ಕಲ್ಲಿನ ಕೋಟೆಗೆ ಒಂದು ಮಿತಿ ಇದೆ. ಅಷ್ಟು ಗಟ್ಟಿ ದುರ್ಗವೂ 1779ರಲ್ಲಿ ಹೈದರಾಲಿಯ ವಶವಾಯಿತು. ದೇವರ ಕಾವಲು ಸಾವಿನ ಹತ್ತಿರ ಬಂದು ಮುಗಿಯುವುದಿಲ್ಲ ಅಂತ ನಾವು ನಂಬುತ್ತೇವೆ. ನನ್ನವರನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಅಂತ ಯೇಸು ಹೇಳಿದನು. ರೋಮಾಪುರದವರಿಗೆ ಬರೆಯುವಾಗ ಪೌಲ, ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ದೂರ ಮಾಡಲಾರದ ಸಂಗತಿಗಳನ್ನು ಎಣಿಸುತ್ತಾ ಅಪಾಯವನ್ನೂ ಕತ್ತಿಯನ್ನೂ ಸೇರಿಸುತ್ತಾನೆ, ಕೊನೆಗೆ ಸಾವನ್ನೂ ಸೇರಿಸುತ್ತಾನೆ. ಆ ರಾತ್ರಿ ಹೆದ್ದಾರಿಯಲ್ಲಿ ನಿಮ್ಮ ತಮ್ಮ ದೇವರ ಕೈಯಿಂದ ಜಾರಿ ಬೀಳಲಿಲ್ಲ. ಇದನ್ನು ನಿಮಗೆ ಸಮಾಧಾನವಾಗಲಿ ಅಂತ ಸುಮ್ನೆ ಹೇಳುತ್ತಿಲ್ಲ. ನಾನು ಇದನ್ನೇ ನಂಬಿ ಬದುಕುತ್ತಿರುವವನು.

ಹಾಗಂತ ಅಳು ನಿಲ್ಲಬೇಕಾಗಿಲ್ಲ. ಬೇಥಾನ್ಯದ ಮಾರ್ಥ ಮತ್ತು ಮರಿಯ ನಿಮ್ಮ ಹಾಗೆ ತಮ್ಮ ಸಹೋದರನನ್ನು ಕಳೆದುಕೊಂಡವರು. ಯೇಸುವಿಗೆ ಹೇಳಿ ಕಳುಹಿಸಿದ್ದರು, ಅವನು ಹೊತ್ತಿಗೆ ಬರಲಿಲ್ಲ. ಬಂದಾಗ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳುತ್ತಾರೆ. ನೀನು ಇಲ್ಲಿ ಇದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಅಂತ. ಅದರಲ್ಲಿ ದೂರು ಇದೆ, ಅಲ್ವಾ? ಯೇಸು ಅವರನ್ನು ಗದರಿಸಲಿಲ್ಲ. ನಿಮ್ಮ ನಂಬಿಕೆ ಸಾಲದು ಅನ್ನಲಿಲ್ಲ. ಅತ್ತನು. ‘ನನ್ನ ತಮ್ಮನಿಗೆ ದೂತರು ಬರಲಿಲ್ಲವಾ’ ಅಂತ ನೀವು ನನಗೆ ಬರೆದಿರಿ. ಅದನ್ನು ಹಾಗೇ ದೇವರಿಗೆ ಹೇಳಿ. ಅದು ಪ್ರಾರ್ಥನೆಯೇ.

ಇನ್ನು ಆಮೆನ್ ಬಾಯಿಗೆ ಬರುವುದಿಲ್ಲ ಅಂದಿರಿ. ಬರದಿದ್ದರೆ ಅನ್ನಬೇಡಿ. ಆದರೆ ಕೂಟ ಬಿಡಬೇಡಿ. ಇದು ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ಜನ ಸೇರಿ ಪ್ರಾರ್ಥಿಸುವುದು ಹೆಚ್ಚು ಬಾಯಿ ಸೇರಿದರೆ ದೇವರಿಗೆ ಬೇಗ ಕೇಳುತ್ತದೆ ಅಂತಲ್ಲ. ಒಬ್ಬರ ಕೈ ಸೋತಾಗ ಇನ್ನೊಬ್ಬರ ಕೈ ಇರಲಿ ಅಂತ. ಅಮಾಲೇಕ್ಯರ ಜೊತೆ ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿ ನಿಂತಿದ್ದ. ಕೈ ಸೋತಿತು. ಆರೋನ ಮತ್ತು ಹೂರ ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು, ಹೊತ್ತು ಮುಳುಗುವ ತನಕ ಕೈ ಹಿಡಿದರು. ಕೈ ಯಾಕೆ ಇಳಿಸಿದೆ ಅಂತ ಮೋಶೆಯನ್ನು ಯಾರೂ ಬೈಯಲಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸುವೇ ಪೇತ್ರ, ಯಾಕೋಬ, ಯೋಹಾನ ಮೂವರನ್ನು ಕರೆದು, ನನ್ನ ಜೊತೆ ಎಚ್ಚರವಾಗಿರಿ ಅಂದನು. ದೇವಕುಮಾರನಿಗೇ ಆ ರಾತ್ರಿ ಜೊತೆ ಬೇಕಿತ್ತು. ನಿಮಗೆ ಬೇಡವಾ?

ಚಿತ್ರದುರ್ಗದ ಕಡೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸಭೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ತಿಂಗಳುಗಟ್ಟಲೆ ಬಾಯಿ ತೆರೆಯಲಿಲ್ಲ. ಬರುತ್ತಿದ್ದರು, ಬಾಗಿಲ ಪಕ್ಕ ಸೆರಗು ಹೊದ್ದು ಕೂರುತ್ತಿದ್ದರು. ಅಲ್ಲಿನ ಹೆಂಗಸರು ಏನು ಮಾಡುತ್ತಿದ್ದರು ಅಂದರೆ, ಜಮಖಾನದ ಆ ತುದಿಯಲ್ಲಿ ಅವರಿಗೆ ಜಾಗ ಬಿಟ್ಟಿರುತ್ತಿದ್ದರು. ಹಾಡು ಶುರುವಾದಾಗ ಪಕ್ಕದವರು ಸಂಗೀತದ ಪುಸ್ತಕದ ಪುಟ ತೆಗೆದು ಅವರ ಮಡಿಲಲ್ಲಿ ಇಡುತ್ತಿದ್ದರು. ಹಾಡಿ ಅಂತ ಯಾರೂ ಒತ್ತಾಯ ಮಾಡಲಿಲ್ಲ. ಪ್ರಾರ್ಥನೆಯಲ್ಲಿ ಅವರ ಹೆಸರು ತಪ್ಪಿಸಲಿಲ್ಲ. ಆ ಹೆಂಗಸರಲ್ಲಿ ಯಾರೂ ದೇವಶಾಸ್ತ್ರ ಓದಿದವರಲ್ಲ. ಕೂಟ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಬೀದಿಯವರೂ ನಿಮಗಾಗಿ ಹಾಗೆ ಆಮೆನ್ ಅನ್ನಲಿ. ನಾಳೆ ಅವರಲ್ಲಿ ಒಬ್ಬರ ಬಾಯಿ ಕಟ್ಟುತ್ತದೆ, ಆಗ ನೀವು ಅನ್ನುತ್ತೀರಿ.

ಪಕ್ಕದ ಮನೆಯ ತಾಯಿಯ ವಿಷಯ ಸ್ವಲ್ಪ ಕಷ್ಟದ್ದು. ಅವರು ಸಾಕ್ಷಿ ಹೇಳಿದ್ದು ತಪ್ಪಲ್ಲ. ಮಗ ಬದುಕಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳದೆ ಇನ್ನೇನು ಮಾಡಬೇಕು? ಆದರೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ತಮ್ಮನ ಹೆಸರು ಎತ್ತದೆ ಹೇಳಿದ್ದು, ಎಲ್ಲರೂ ಹಲ್ಲೆಲೂಯ ಅಂದು ಸುಮ್ಮನಾದದ್ದು ಸರಿಯಲ್ಲ. ಸಂತೋಷ ಪಡುವವರ ಜೊತೆ ಸಂತೋಷ, ಅಳುವವರ ಜೊತೆ ಅಳು ಅಂತ ಪೌಲ ಎರಡನ್ನೂ ಒಂದೇ ವಚನದಲ್ಲಿ ಬರೆದಿದ್ದಾನೆ. ನಿಮ್ಮ ಕೂಟ ಅರ್ಧ ವಚನ ಮಾತ್ರ ನಡೆಸಿತು. ಇದನ್ನು ಕೂಟ ನಡೆಸುವವರಿಗೆ ನೇರವಾಗಿ ಹೇಳಿ.

ಆ ಹುಡುಗನ ಬಗ್ಗೆಯೂ ನನಗೆ ಚಿಂತೆ ಇದೆ. ಜೊತೆಗಾರ ಕಣ್ಣೆದುರಿಗೇ ಹೋದ. ತಾನು ಮಾತ್ರ ಯಾಕೆ ಉಳಿದೆ ಅನ್ನುವ ಪ್ರಶ್ನೆ ಅವನಿಗೂ ಇರುತ್ತದೆ. ದೇವರು ನಿನ್ನನ್ನು ವಿಶೇಷವಾಗಿ ಉಳಿಸಿದ ಅಂತ ಮನೆಯವರು ದಿನವೂ ಹೇಳಿದರೆ ಅದು ಅವನ ಎದೆಯ ಮೇಲೆ ಭಾರವಾಗುತ್ತದೆ. ಸೆರೆಯಿಂದ ಬಂದ ಪೇತ್ರನೂ ಕೊನೆಯ ತನಕ ಹಿಂಸೆಯಿಂದ ಬಚಾವಾದವನಲ್ಲ. ಅವನೂ ರೋಮಿನಲ್ಲಿ ನೀರೋ ಚಕ್ರವರ್ತಿಯ ಕಾಲದಲ್ಲಿ ಸಾಕ್ಷಿಯಾಗಿ ಸತ್ತ ಅಂತ ಸಭೆಯ ಹಳೆಯ ಸಂಪ್ರದಾಯ ಹೇಳುತ್ತದೆ. ಉಳಿದವನು ಹೆಚ್ಚು, ಹೋದವನು ಕಡಿಮೆ ಅನ್ನುವ ಲೆಕ್ಕ ಎಲ್ಲೂ ಇಲ್ಲ. ನಿಮಗೆ ಆದಾಗ, ಆದರೆ ಮಾತ್ರ, ಒಂದು ದಿನ ಆ ಹುಡುಗನನ್ನು ಕರೆದು ತಮ್ಮನ ಬಗ್ಗೆ ಮಾತಾಡಿ. ಕೊನೆಯ ದಿನ ದಾರಿಯಲ್ಲಿ ಏನು ಮಾತಾಡಿಕೊಂಡು ಬಂದರು ಅಂತ ಅವನಿಗೆ ಮಾತ್ರ ಗೊತ್ತು. ಅವನಿಗೂ ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿರಬಹುದು.

ಎರಡು ಸಣ್ಣ ವಿಷಯ. ನಿಮ್ಮ ತಮ್ಮನನ್ನು ಕುರಿತು ಇದನ್ನು ಹೇಳುತ್ತಿಲ್ಲ, ನಿಮ್ಮ ಬೀದಿಯಲ್ಲಿ ಬೈಕ್ ಓಡಿಸುವ ಉಳಿದ ಹುಡುಗರಿಗೆ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯ ದೇವರಿಗೆ ಪ್ರಾರ್ಥನೆ ಮಾಡಿದ, ಜೊತೆಗೆ ಹಗಲೂ ರಾತ್ರಿ ಕಾವಲೂ ಇಟ್ಟ. ಪ್ರಾರ್ಥನೆ ಮಾಡಿ ಹೊರಡುವವರು ಹೆಲ್ಮೆಟ್ಟನ್ನೂ ಹಾಕಲಿ, ಹಿಂದೆ ಕೂತವರೂ ಹಾಕಲಿ. ಎರಡನೆಯದು ನಿಮಗೆ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವಂತಿದ್ದರೆ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇದರಿಂದ ನಂಬಿಕೆಗೆ ಯಾವ ಕೊರತೆಯೂ ಆಗುವುದಿಲ್ಲ. ಲೂಕನೇ ವೈದ್ಯ.

ಮುಂದಿನ ತಿಂಗಳ ಕೂಟವನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಆದರೆ ಹೇಗೆ ನಡೆಯಬೇಕು ಅಂತ ನೀವೇ ಹೇಳಿ, ಅದು ನಿಮ್ಮ ಮನೆ. ಆ ದಿನ 91 ಬೇಡ. 13ನೇ ಕೀರ್ತನೆ ಓದಿಸಿ, ಆರೇ ವಚನ, ಎಷ್ಟರ ತನಕ ಅಂತ ದೇವರನ್ನು ಕೇಳುವ ಕೀರ್ತನೆ. ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇಂಥ ಗೋಳಿನ ಪ್ರಾರ್ಥನೆಗಳೇ, ನಮ್ಮ ಕೂಟಗಳಲ್ಲಿ ಅವನ್ನು ಓದುವುದು ಕಡಿಮೆ. ಆಮೇಲೆ ಯೋಹಾನ 11ನೇ ಅಧ್ಯಾಯ, 17ನೇ ವಚನದಿಂದ 36ರ ತನಕ. ಓದಿದ ಮೇಲೆ ಯಾರೂ ವಿವರಣೆ ಕೊಡುವುದು ಬೇಡ, ಐದು ನಿಮಿಷ ಸುಮ್ಮನೆ ಕೂರಲಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತರು, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಂದವರು ನಿಮ್ಮ ತಮ್ಮನ ಬಗ್ಗೆ ನೆನಪಿದ್ದದ್ದನ್ನು ಒಂದೆರಡು ಮಾತು ಹೇಳಲಿ, ಅವನ ಹೆಸರು ಹೇಳಿ ದೇವರಿಗೆ ಸ್ತೋತ್ರ ಹೇಳಲಿ. ಆ ಸಂಜೆ ಸಾಕ್ಷಿ ಹೇಳುವ ಭಾಗ ಇರದಿರಲಿ. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳಿ ಮುಗಿಸಿ. ನಿಮಗೆ ಆಗದಿದ್ದರೆ ಕೇಳಿಸಿಕೊಳ್ಳಿ.

ಇದನ್ನೆಲ್ಲ ಕೂಟದ ದಿನ ಎಲ್ಲರ ಮುಂದೆ ಹೇಳಲು ಮುಜುಗರವಾಗುತ್ತದೆ. ಈ ವಾರವೇ ನಿಮ್ಮ ಸಭೆಯ ಅಯ್ಯನವರಿಗೆ ಫೋನ್ ಮಾಡಿ ತಿಳಿಸಿ, ಬೇಕಾದರೆ ಈ ಉತ್ತರವನ್ನೇ ತೋರಿಸಿ. ಅಷ್ಟರಲ್ಲಿ ಮನಸ್ಸು ಇನ್ನೂ ಸಿದ್ಧವಿಲ್ಲ ಅನ್ನಿಸಿದರೆ, ಆ ಗುರುವಾರ ಬೇರೆ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಕೇಳಿ. ಅದಕ್ಕೂ ಯಾರ ಹತ್ತಿರವೂ ಕಾರಣ ಕೊಡಬೇಕಾಗಿಲ್ಲ.